ಪ್ರಾರ್ಥನೆ ಮಾಡದ ಎಣ್ಣೆ

ಪುಟ್ಟೇನಹಳ್ಳಿ, ಯಲಹಂಕ
17 ಜನವರಿ 2025, ಶುಕ್ರವಾರ

ರೀ,

ಇಲ್ಲಿ ಎಲ್ಲ ಕ್ಷೇಮ ಅಂತ ಶುರುಮಾಡಲು ನೋಡಿದೆ, ಕೈ ಏಳಲಿಲ್ಲ. ಆ ಸಾಲು ಬಿಟ್ಟಿದ್ದೇನೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಬ್ಯಾಟರಾಯನಪುರಕ್ಕೆ ಬಂದರೆ ನಿಮ್ಮ ತಾಯಿ ಬಾಗಿಲಲ್ಲೇ ನಿಲ್ಲಿಸಿ, ಅವ್ನು ಮಲಗವ್ನೆ ಕಣಮ್ಮ ಅನ್ನುತ್ತಾರೆ. ಹದಿನೈದು ತಿಂಗಳಿಂದ ಒಬ್ಬ ಮನುಷ್ಯ ಎಷ್ಟು ಮಲಗಬಹುದು, ನೀವೇ ಹೇಳಿ. ಅದಕ್ಕೇ ಈ ಕಾಗದ. ಅಂಟಿಸಿ ಸಭೆಯ ಅಶ್ವತ್ಥ್ ಅಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ.

ಅವರು ನಿನ್ನೆ ಸಂಜೆ ಬಂದು ಎಲ್ಲ ಹೇಳಿದರು. ನಮ್ಮ ಮಾರ್ಮನ್ ಸಭೆಯ ಬ್ರಾಂಚ್ ಅಧ್ಯಕ್ಷರಾಗಲು ನಿಮಗೆ ಕರೆ ಬಂದಿದೆಯಂತೆ. ಸಂಬಳದ ಪಾದ್ರಿಗಳಿಲ್ಲದ ಸಭೆ ನಮ್ಮದು, ಲಿಫ್ಟ್ ರಿಪೇರಿ ಮಾಡುವವನನ್ನೂ ದೇವರು ಹೆಸರು ಹಿಡಿದು ಕರೆಯುತ್ತಾನೆ ಎಂದು ಮದುವೆಗೆ ಮುಂಚೆ ನನ್ನ ಹತ್ತಿರ ಎಷ್ಟು ಜಂಭ ಕೊಚ್ಚಿದ್ದಿರಿ! ಈಗ ಕರೆ ಬಂದರೆ ಬೇಡ ಅಂದಿರಂತೆ. ಅಷ್ಟಕ್ಕೇ ನಿಲ್ಲಿಸದೆ, ಈ ಭಾನುವಾರ ಹಿರಿಯರ ಮುಂದೆ ನಿಂತು, ತಲೆ ಮೇಲೆ ಕೈಯಿಟ್ಟು ಹರಸುವ ಯಾಜಕತ್ವದ ಅಧಿಕಾರ ನನ್ನ ಕೈಗಿಲ್ಲ, ಸಭೆಯಿಂದ ನನ್ನ ಹೆಸರು ತೆಗೆದುಬಿಡಿ ಎಂದು ಬರೆದುಕೊಡುತ್ತೀರಂತೆ.

ಹಾಗೆ ಬರೆದುಕೊಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತಿಲ್ಲವೇ? ಬೆಂಗಳೂರಿನಲ್ಲಿ ಕಟ್ಟುತ್ತಿರುವ ನಮ್ಮ ಸಭೆಯ ದೇವಾಲಯ ತೆರೆದ ಮೇಲೆ ನೀವೂ ನಾನೂ ಎದುರುಬದುರು ಮಂಡಿಯೂರಿ, ಕೈ ಹಿಡಿದು, ಡೆಂಗ್ಯೂ ಬಂದು ತೀರಿಹೋದ ನಮ್ಮ ಶಾರೋನ್‌ಳನ್ನು ಎಂದೆಂದಿಗೂ ನಮ್ಮ ಮಗಳಾಗಿ ಮುದ್ರೆ ಹಾಕಿಸಿಕೊಳ್ಳಬೇಕು. ನೀವಿಲ್ಲದೆ ಅದು ನನ್ನೊಬ್ಬಳಿಂದ ಆಗುವುದಿಲ್ಲ. ಅವಳು ಪರಲೋಕದಲ್ಲಿಯೂ ಅಪ್ಪ ಅಮ್ಮ ಇಲ್ಲದವಳಾಗಿ ಉಳಿದುಬಿಡುತ್ತಾಳೆ. ನನಗೆ ಬೇರೆ ಯಾವುದರ ಭಯವೂ ಉಳಿದಿಲ್ಲ, ಇದೊಂದು ಇದೆ.

ನಿಮ್ಮ ಕೈಗೆ ಅಧಿಕಾರವಿಲ್ಲ ಎಂದು ನೀವು ಯಾಕೆ ನಂಬಿದ್ದೀರಿ ಎನ್ನುವುದು ನನಗೊಬ್ಬಳಿಗೇ ಗೊತ್ತು. ಅರ್ಧ ಲೋಟ ಕಾಫಿ. ಸಭೆಗೆ ಸೇರಿದಂದಿನಿಂದ ಅಲ್ಲಿನ ನಿಯಮದಂತೆ ಕಾಫಿ ಟೀ ಮುಟ್ಟದಿದ್ದ ನೀವು, ಶಾರೋನ್‌ಗೆ ಜ್ವರ ಬರುವ ಹಿಂದಿನ ವಾರ, ನಿಮ್ಮ ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಕುಡಿದಿರಿ. ಅವಳನ್ನು ಮಣ್ಣು ಮಾಡಿದ ಹನ್ನೊಂದನೇ ದಿನ ನನ್ನೆದುರು ಕೂತು ಗಳಗಳ ಅತ್ತಿರಿ. ಆ ಕಾಫಿಯಿಂದ ನನ್ನ ಕೈ ಕೆಟ್ಟಿತ್ತು ಮೋನಿ, ಆ ಕೈಯನ್ನೇ ಮಗು ತಲೆ ಮೇಲಿಟ್ಟೆ ಅಂದಿರಿ. ನಾನು ಬಾಯಿ ಬಿಡಲಿಲ್ಲ. ನೀವು ಬಟ್ಟೆ ತುಂಬಿಕೊಂಡು ಅಮ್ಮನ ಮನೆಗೆ ಹೊರಟಾಗಲೂ ಬಿಡಲಿಲ್ಲ.

ಈಗ ಬಿಡುತ್ತೇನೆ. ಹೆಬ್ಬಾಳದ ಆಸ್ಪತ್ರೆಯ ಆ ಮಧ್ಯಾಹ್ನ ನಿಮಗೆ ಮರೆತಿರಲಾರದು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ನಿಮ್ಮ ತಾಯಿ ದೃಷ್ಟಿ ತೆಗೆಯಲು ನಿಂಬೆಹಣ್ಣು ಹಿಡಿದುಕೊಂಡು ಬಂದರು. ನಮ್ಮ ಮನೆಯಲ್ಲಿ ಯಾಜಕತ್ವ ಇದೆ ಅತ್ತೆ, ಇದೆಲ್ಲ ನಮಗೆ ಬೇಡ ಎಂದು ನಾನೇ ದೊಡ್ಡದಾಗಿ ತಡೆದೆ. ನೀವು ಬೈಕಿನ ಕೀ ಗೊಂಚಲಿನಿಂದ, ಕಾಯಿಲೆಯವರಿಗೆ ಹಚ್ಚಲು ಇಟ್ಟುಕೊಂಡಿದ್ದ ಆ ಪುಟ್ಟ ಎಣ್ಣೆ ಡಬ್ಬಿ ಬಿಚ್ಚಿ ಅಶ್ವತ್ಥ್ ಅಣ್ಣನಿಗೆ ಕೊಟ್ಟಿರಿ. ಅವರು ಮಗುವಿನ ನೆತ್ತಿಗೆ ಒಂದು ತೊಟ್ಟು ಹಾಕಿ ಪ್ರಾರ್ಥಿಸಿದರು. ಆಮೇಲೆ ಇಬ್ಬರೂ ಕೈಯಿಟ್ಟಿರಿ. ನೀನು ನಿನ್ನ ಕಾಲಲ್ಲೇ ನಡೆದು ಮನೆಗೆ ಹೋಗುತ್ತೀಯ ಎಂದು ನೀವು ಗಟ್ಟಿಯಾಗಿ ಹೇಳಿದಿರಿ. ನಾನು ನಂಬಿದೆ, ರೀ. ಮನೆಗೆ ಬರುವಾಗ ಹಾಕಿಕೊಳ್ಳಲಿ ಅಂತ ಅವಳ ಹಳದಿ ಫ್ರಾಕ್ ತರಲು ಅಂದೇ ಮನೆಗೆ ಓಡಿಬಂದೆ. ಮೂರನೇ ದಿನ ಅವಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಆ ಡಬ್ಬಿಯಲ್ಲಿದ್ದದ್ದು ನೀವು ಪ್ರಾರ್ಥನೆ ಮಾಡಿ ಪ್ರತಿಷ್ಠೆ ಮಾಡಿದ ಎಣ್ಣೆಯಲ್ಲ. ನಮ್ಮ ಅಡುಗೆಮನೆ ಶೆಲ್ಫಿನ ಆಲಿವ್ ಎಣ್ಣೆ. ಹತ್ತು ದಿನ ಮುಂಚೆ ನಿಮ್ಮ ಪ್ಯಾಂಟ್ ಒಗೆಯುವಾಗ ಜೇಬಿನಲ್ಲೇ ಕೀ ಗೊಂಚಲು ಉಳಿದು, ಮುಚ್ಚಳ ಸಡಿಲವಾಗಿ, ಇದ್ದಬದ್ದ ಎಣ್ಣೆಯೆಲ್ಲ ಬಕೆಟ್ಟಿಗೆ ಹೋಯಿತು. ನೀವು ಬೈಯುತ್ತೀರೆಂದು ಶೆಲ್ಫಿನ ಬಾಟಲಿಯಿಂದ ತುಂಬಿಸಿ ಸುಮ್ಮನಾದೆ. ಆಮೇಲೆ ಹೇಳಿದರಾಯಿತು, ಪ್ರಾರ್ಥನೆ ಮಾಡುತ್ತಾರೆ ಅಂದುಕೊಂಡೆ. ಬ್ಲೌಸ್ ಆರ್ಡರ್‌ಗಳ ಗಡಿಬಿಡಿಯಲ್ಲಿ ಮರೆತೇಹೋಯಿತು.

ಇದನ್ನು ತಿರುಗಿಸಿ ಮುರುಗಿಸಿ ಎಷ್ಟು ಯೋಚಿಸಿದರೂ ದಾರಿ ಕಾಣುತ್ತಿಲ್ಲ. ಎಣ್ಣೆಯಿಂದಲೇ ಎಲ್ಲ ಅನ್ನುವುದಾದರೆ ಮಗಳನ್ನು ಕೊಂದವಳು ನಾನು. ಎಣ್ಣೆ ಬರೀ ನೆಪ, ನಂಬಿಕೆಯೇ ಮುಖ್ಯ ಅನ್ನುವುದಾದರೆ, ಆ ಕೋಣೆಯಲ್ಲಿ ನಿಮಗಿಂತ ಹೆಚ್ಚು ನಂಬಿದವರು ಯಾರಿದ್ದರು? ಮತ್ತೆ ಯಾಕೆ ಹೋದಳು?

ಪರೀಕ್ಷೆ ಅಂತಾರೆ. ನಾವೆಲ್ಲ ಹುಟ್ಟುವುದಕ್ಕೆ ಮುಂಚೆಯೇ ಇಂಥ ಕಷ್ಟಗಳಿಗೆ ಒಪ್ಪಿ, ಖುಷಿಯಿಂದ ಕೂಗಿಕೊಂಡು ಭೂಮಿಗೆ ಬಂದೆವಂತೆ. ನಾನು ಯಾವಾಗ ಒಪ್ಪಿದೆ? ಪರೀಕ್ಷೆ ನಮ್ಮದಾದರೆ ಹಾಲ್ ಟಿಕೆಟ್ ಅವಳ ಹೆಸರಿಗೆ ಯಾಕೆ ಬಂತು? ಸಭೆಯ ಸಿಸ್ಟರ್ ಒಬ್ಬರು ಸಮಾಧಾನ ಹೇಳಲು ಬಂದು, ಎಂಟು ತುಂಬದ ಮಕ್ಕಳು ನೇರ ದೇವರ ಹತ್ತಿರ ಹೋಗುತ್ತಾರೆ ಎಂದು ಶುರುಮಾಡಿದವರು ಗಕ್ಕನೆ ನಿಲ್ಲಿಸಿದರು. ಶಾರೋನ್‌ಗೆ ಒಂಬತ್ತು ಎಂದು ಅವರಿಗೆ ಆಗ ನೆನಪಾಯಿತು. ಪಕ್ಕದ ಮನೆ ನಸೀಮಾ ಒಬ್ಬಳೇ ಏನೂ ಹೇಳದೆ ಗಂಜಿ ಕುಡಿಸಿ, ಪಾತ್ರೆ ತೊಳೆದಿಟ್ಟು ಹೋದಳು.

ನಿನಗಿನ್ನೂ ನಂಬಿಕೆ ಇದೆಯಾ ಅಂತ ಮಾತ್ರ ಕೇಳಬೇಡಿ. ಮಂಡಿಯೂರಿದರೆ ಬಾಯಿಗೆ ಒಂದು ಮಾತೂ ಬರುವುದಿಲ್ಲ. ಕಾಲು ಜೋಮು ಹಿಡಿದಾಗ ಎದ್ದುಬಿಡುತ್ತೇನೆ.

ಭಾನುವಾರ ನೀವು ಹೋಗಿ. ಹೆಸರು ತೆಗೆಸಬೇಡಿ, ಕರೆಯನ್ನು ಒಪ್ಪಿಕೊಳ್ಳಿ. ನಿಮ್ಮ ಕೈ ಕೆಟ್ಟಿರಲಿಲ್ಲ, ಕೆಡಿಸಿದವಳು ನಾನು. ಎಲ್ಲರೂ ಬಲಗೈ ಎತ್ತಿ ನಿಮಗೆ ಒಪ್ಪಿಗೆ ಕೊಡುವಾಗ ನಾನೂ ಕೊನೇ ಸಾಲಿನಲ್ಲಿ ಕೂತು ಎತ್ತುತ್ತೇನೆ. ಇದನ್ನು ಓದಿದ ಮೇಲೆ ನನ್ನ ಮುಖ ನೋಡಲು ಮನಸ್ಸಿಲ್ಲ ಅಂದರೆ ಅಶ್ವತ್ಥ್ ಅಣ್ಣನಿಗೆ ಹೇಳಿ, ಬರುವುದಿಲ್ಲ. ಆದರೆ ಮಗಳನ್ನು ಬಿಟ್ಟುಕೊಡಬೇಡಿ. ದಮ್ಮಯ್ಯ ಅಂತೀನಿ.

ನಿಮ್ಮವಳು ಎಂದು ಬರೆಯಬಹುದೋ ಇಲ್ಲವೋ ತಿಳಿಯದೆ,
ಮೋನಿಕಾ

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಪ್ಯಾಂಟ್ ಒಗೆದ ಮಾತು ಸುಳ್ಳು. ಎಣ್ಣೆ ಖಾಲಿ ಮಾಡಿದವಳು ಶಾರೋನ್. ಕೆಳಗೆ ಗೇಟಿನ ಹತ್ತಿರ ಸ್ಕೂಟರಿಗೆ ಸಿಕ್ಕಿ ಬಿದ್ದಿದ್ದ ನಾಯಿಮರಿಯ ತಲೆಗೆ ಅಷ್ಟನ್ನೂ ಸುರಿದು, ನಿಮ್ಮ ಹಾಗೆಯೇ ಎರಡೂ ಕೈಯಿಟ್ಟು ಪ್ರಾರ್ಥನೆ ಮಾಡಿದ್ದಳು. ಆ ಮರಿ ಬದುಕಿಕೊಂಡಿತು. ಯಾಜಕತ್ವ ಗಂಡಸರಿಗೆ ಮಾತ್ರ, ಹೆಣ್ಣುಮಕ್ಕಳು ಹಾಗೆಲ್ಲ ಮಾಡಬಾರದು, ಅಪ್ಪನಿಗೆ ಗೊತ್ತಾದರೆ ಅಷ್ಟೇ ಎಂದು ನಾನು ಹೆದರಿಸಿದೆ. ಇಬ್ಬರೂ ಸೇರಿ ಡಬ್ಬಿ ತುಂಬಿದೆವು. ಆಸ್ಪತ್ರೆಯಲ್ಲಿ ನೀವು ಆಶೀರ್ವಾದ ಮುಗಿಸಿ ಔಷಧಿ ತರಲು ಹೋದಾಗ ಅವಳು ನನ್ನ ವೇಲ್ ಹಿಡಿದು ಎಳೆದಳು. ಅಮ್ಮಾ, ಅದು ನಾವ್ ಹಾಕಿದ್ ಎಣ್ಣೆ ಅಲ್ವಾ, ಅಪ್ಪಂಗೆ ಹೇಳು, ಸರಿಯಾಗಿರೋದ್ ತಂದು ಇನ್ನೊಂದ್ಸಲ ಮಾಡ್ತಾರೆ ಅಂದಳು. ಅಶ್ವತ್ಥ್ ಅಣ್ಣ ಬಾಗಿಲಲ್ಲೇ ನಿಂತಿದ್ದರು. ಇನ್ನೂ ಎರಡು ದಿನ ಇತ್ತು, ರೀ. ಅವರಿಗೆ ಕೇಳಿಸಿದರೆ ಮಾನ ಹೋಗುತ್ತದೆ ಅಂತ ನಾನು ಮಗುವಿನ ಬಾಯಿ ಮುಚ್ಚಿದೆ.