ಮೂರು ತಿಂಗಳ ಶಾಮಿಯಾನ

ಅಪ್ಪಾ,

ನಮ್ಮ ಮನೆಯ ಬಾಗಿಲಿಗೆ ಜಾಲಿಮುಳ್ಳು ಹಾಕಿದ್ದಾರೆ. ಇದನ್ನು ನಿನಗೆ ನಾನಲ್ಲದೆ ಮತ್ಯಾರು ಹೇಳಬೇಕು? ಮುಂದೆ ಶಾಮಿಯಾನದ ಅಂಗಡಿ, ಹಿಂದೆ ಮನೆ ಎಂದು ಹರಪನಹಳ್ಳಿ ಪೇಟೆಯ ಈ ಇಕ್ಕಟ್ಟಿನ ಓಣಿಯಲ್ಲಿ ನೀನು ಕಟ್ಟಿಸಿದ ಮನೆ ಈಗ ಖಾಲಿ. ನಾನೂ ಅವ್ವನೂ ಕೊಟ್ಟೂರು ರಸ್ತೆಯ ನಮ್ಮ ಹೊಲದಲ್ಲಿ, ನಮ್ಮದೇ ಶಾಮಿಯಾನದ ಕೆಳಗೆ ಇದ್ದೇವೆ. ಬರೆಯುತ್ತಿರುವಾಗಲೂ ನನಗೆ ಇದು ಯಾರದೋ ಮನೆಯ ಸುದ್ದಿ ಅನ್ನಿಸುತ್ತಿದೆ.

ಆ ಮಧ್ಯಾಹ್ನ ನೀನು ಉಂಡು ಕೈ ತೊಳೆದು, "ಎದಿ ಯಾಕೋ ಹಿಡ್ಕೊಂಡಂಗ ಆಗೈತಿ, ಒಂದೀಟು ಒರಗ್ತೀನಿ" ಎಂದೆ. ಅವ್ವ ನೀರು ತರುವಷ್ಟರಲ್ಲಿ... ಅಷ್ಟೇ. ನಿನ್ನನ್ನು ಮಣ್ಣು ಮಾಡಿ ಬಂದವರು ಕಾಲು ತೊಳೆಯುವ ಮೊದಲೇ ಕಟ್ಟೆಯ ಮೇಲೆ ಪಂಚಾಂಗ ಬಿಚ್ಚಿಕೊಂಡಿತ್ತು. "ನಕ್ಷತ್ರ ಚಲೋ ಇಲ್ಲ ತಂಗಿ. ಮೂರು ತಿಂಗಳು ಮನಿ ಬಿಡಬೇಕಾಗತೈತಿ" ಎಂದರು ಅಯ್ಯನೋರು. ಅವರ ದನಿಯಲ್ಲಿ ಮರುಕವಿತ್ತು, ಸುಳ್ಳು ಹೇಳಲಾರೆ. ಕೆಟ್ಟ ಗಳಿಗೆಯಲ್ಲಿ ಸಾವಾದ ಮನೆಯನ್ನು ಬಾಗಿಲಿಗೆ ಮುಳ್ಳು ಹಾಕಿ ಮುಚ್ಚುವುದನ್ನು ನಾನು ಬೇರೆಯವರಲ್ಲಿ ಕಂಡಿದ್ದೆ. ಆದರೆ ನೀನು ಸತ್ತಿದ್ದಕ್ಕೂ ಒಂದು ತಪ್ಪು ಹಚ್ಚುತ್ತಾರೆ ಎಂದು ಎಣಿಸಿರಲಿಲ್ಲ.

"ಪಂಚಾಂಗ ಐತಿ ಅಂತ ನಮ್ಮ ಗೂಟಕ್ಕ ಕೆಲಸ ಐತಿ" ಎಂದು ನೀನು ನಗುತ್ತಿದ್ದೆ, ನೆನಪಿದೆಯೇ? ಮದುವೆ, ಸೀಮಂತ, ಗೃಹಪ್ರವೇಶ ಎಲ್ಲಕ್ಕೂ ಒಳ್ಳೆಯ ಗಳಿಗೆ ನೋಡಿಯೇ ಜನ ನಮ್ಮ ಅಂಗಡಿಗೆ ಬರುತ್ತಿದ್ದರು. ಅದೇ ಪಂಚಾಂಗ ಈಗ ಅಂಗಡಿಯನ್ನು ಮುಚ್ಚಿಸಿತು. ಕೆಟ್ಟ ನಕ್ಷತ್ರದ ಮನೆಯಿಂದ ಹಂದರದ ಬಟ್ಟೆ, ಅಡುಗೆಯ ಹಂಡೆ ಒಯ್ದು ಯಾರು ಮದುವೆ ಮಾಡುತ್ತಾರೆ? ಹೇಳಿಟ್ಟಿದ್ದವರು ಒಬ್ಬೊಬ್ಬರೇ ಫೋನ್ ಮಾಡಿ, "ಬ್ಯಾರೆ ಕಡೆ ನೋಡ್ಕೊಂಡ್ವಿ, ತಪ್ಪು ತಿಳ್ಕೋಬ್ಯಾಡ್ರಿ" ಎಂದರು. ನಾನು ನಂಬಲಿ, ಬಿಡಲಿ, ಮನೆ ಬಿಡದೆ ದಾರಿ ಇರಲಿಲ್ಲ. ಅವ್ವ ಮಾತ್ರ ನಿನ್ನ ಮಂಚದ ಕಾಲು ಹಿಡಿದು ಕುಳಿತುಬಿಟ್ಟಳು. "ಅವರು ಜೀವ ಬಿಟ್ಟ ಮನಿ ನಾ ಬಿಡಂಗಿಲ್ಲ. ನಕ್ಷತ್ರ ನನ್ನೂ ಒಯ್ಯಲಿ." ಅಷ್ಟು ಹೇಳಿ ಬಾಯಿ ಮುಚ್ಚಿದಳು. ಊಟ ಮುಂದಿಟ್ಟರೆ ತಟ್ಟೆಯನ್ನು ಗೋಡೆಯ ಕಡೆ ಸರಿಸುತ್ತಿದ್ದಳು. ನಕ್ಷತ್ರಕ್ಕಿಂತ ಅವಳ ಆ ಮೌನಕ್ಕೆ ನಾನು ಹೆದರಿದೆ. ಇವಳೂ ಹೋಗಿಬಿಟ್ಟರೆ...

ಬಾಡಿಗೆ ಮನೆ ಹುಡುಕಿದ್ದನ್ನು ಏನೆಂದು ಬರೆಯಲಿ? ಗೋಡೆಗೆ ಗೋಡೆ ತಾಗಿದ ಊರಿದು. ನಮ್ಮ ಸುದ್ದಿ ನನಗಿಂತ ಮೊದಲೇ ಮನೆ ಮನೆ ಮುಟ್ಟುತ್ತಿತ್ತು. ಮೂರು ಹೆಣ್ಣುಮಕ್ಕಳ ಮದುವೆಗೂ ನೀನೇ ಹಂದರ ಹಾಕಿಕೊಟ್ಟ ಮನೆಯ ಯಜಮಾನಿ ಬಾಗಿಲನ್ನು ಅರ್ಧ ತೆರೆದು, "ಮ್ಯಾಲಿನ ಖೋಲಿ ಖಾಲಿ ಐತವ್ವ, ಆದ್ರ ಸೊಸಿ ಬಸುರಿ ಅದಾಳ" ಎಂದಳು. ಆಕೆಯ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಅವ್ವನ ತವರು ತಂಬ್ರಹಳ್ಳಿಯಿಂದ ಮಾವ ಮೊದಲ ದಿನವೇ ಬಾ ಎಂದು ಕರೆದಿದ್ದ. ಬಾಯಿ ಮುಚ್ಚುವ ಮೊದಲೇ ಅವ್ವ ಅದನ್ನೂ ಒಪ್ಪಿರಲಿಲ್ಲ: "ಕೆಟ್ಟ ನಕ್ಷತ್ರ ತಲಿ ಮ್ಯಾಲ ಹೊತ್ಕೊಂಡು ತವರಿಗೆ ಹೋಗಾಕ ಬರತೈತೇನು?"

ದಾವಣಗೆರೆಯಿಂದ ನಾಲ್ಕು ಮನೆಯವರು ಬಂದಿದ್ದರಲ್ಲ, ಕಳೆದ ಚಳಿಗಾಲದಲ್ಲಿ? ಅಪಾರ್ಟ್‌ಮೆಂಟಿನಲ್ಲಿ ಇರುವವರು. ಮಕ್ಕಳಿಗೆ ಕ್ಯಾಂಪಿಂಗ್ ಮಾಡಿಸಬೇಕು, ತಾಸೊಪ್ಪತ್ತಿನಲ್ಲಿ ಮುಟ್ಟುವ ಜಾಗ ಬೇಕು ಎಂದಿದ್ದರು. ನೀನು ನಮ್ಮ ಹೊಲವನ್ನೇ ತೋರಿಸಿ ಡೇರೆ ಹಾಕಿಕೊಟ್ಟೆ. "ಸೊಳ್ಳಿ ಕಡಿಸ್ಕೊಳ್ಳಾಕ ಅಷ್ಟು ದೂರದಿಂದ ಬರ್ತಾರಲ್ಲೇ ಗಂಗೀ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಮಂಚದ ಪಕ್ಕ ಅವ್ವನ ಮುಂದೆ ಕುಳಿತಿದ್ದಾಗ ನನಗೆ ಅದು ಹೊಳೆಯಿತು. "ಅವ್ವಾ, ಮನಿ ಬಿಡೂದು ಬ್ಯಾಡ. ಆ ದಾವಣಗೆರಿಯವರಂಗ ಕ್ಯಾಂಪಿಂಗ್ ಹೋಗೋಣು" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಎಷ್ಟೋ ದಿನಗಳ ಮೇಲೆ ಬಾಯಿ ಬಿಟ್ಟಳು: "ಹುಚ್ಚು ಹಿಡದೈತೇನು ನಿನಗ?" ನನಗೆ ಅಷ್ಟೇ ಸಾಕಾಯಿತು.

ಮರುದಿನವೇ ಹೊಲಕ್ಕೆ ಹೋಗಿ ಒಂದೊಂದನ್ನೇ ನೋಡಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮಳೆ ಬಂದರೆ ನೀರು ಎತ್ತ ಹರಿಯುತ್ತದೆ, ಫೋನ್ ಎಲ್ಲಿ ನಿಂತರೆ ಸಿಗುತ್ತದೆ. ನೀರಿಗೆ ಪಕ್ಕದ ಹೊಲದ ಬೋರು. ಬೇವಿನ ಮರದ ಹಿಂದೆ ತಗಡು ಮರೆ ಮಾಡಿ ಕಕ್ಕಸು. ಚೇಳಿನ ಭಯಕ್ಕೆ ಎರಡು ಕಬ್ಬಿಣದ ಮಂಚ. ಅಲ್ಲಿಂದ ಊರಿನ ಬಸ್ಸುಗಳ ಹಾರ್ನ್ ಕೇಳುತ್ತದೆ. ಕತ್ತಲಾದರೆ ಪೇಟೆಯ ದೀಪಗಳು ಕಾಣುತ್ತವೆ. ಇಷ್ಟನ್ನೂ ಅವ್ವನಿಗೆ ದಿನವೂ ವರದಿ ಒಪ್ಪಿಸಿದೆ. ಒಂದು ಸಂಜೆ ತಾನಾಗೇ ಕೇಳಿದಳು: "ಒಲಿ ಎಲ್ಲಿ ಹೂಡ್ತಿ? ಗಾಳಿಗೆ ಎದುರು ಹೂಡಿದ್ರ ಕಣ್ಣು ಹೋಗ್ತಾವ." ಆಗ ಗೊತ್ತಾಯಿತು, ಬರುತ್ತಾಳೆ ಎಂದು.

ಡೇರೆ ಹಾಕುವ ದಿನ ನಾನು ಊರಲ್ಲಿ ಸಾಮಾನು ಕಟ್ಟುತ್ತಿದ್ದೆ. ನಿನ್ನ ಜತೆ ಗೂಟ ಹೊಡೆದೇ ಕೂದಲು ಬೆಳ್ಳಗಾದ ಹುಸೇನಣ್ಣನನ್ನು ಹೊಲಕ್ಕೆ ಕಳಿಸಿದ್ದೆ. ಬಿಳಿ ಬಟ್ಟೆ ನಿನ್ನ ಸಾವಿಗೆ ಹಾಕಿದ್ದು, ಅದು ಬೇಡ ಎಂದಿದ್ದಳು ಅವ್ವ. ಹೀಗಾಗಿ ಮದುವೆ ಹಂದರದ ಬಟ್ಟೆಯನ್ನೇ ಅವನು ಒಯ್ದಿದ್ದ. ಸಂಜೆ ನಾವು ಆಟೋ ಇಳಿದು ನೋಡಿದರೆ, ಅಪ್ಪಾ, ಏನು ಹೇಳಲಿ! ಕೆಂಪು ಹಳದಿ ಝಾಲರು, ಮುಂದೆ ಕಮಾನು, ಕಮಾನಿಗೆ ಸೀರಿಯಲ್ ಲೈಟು, ಅದರ ಮೇಲೆ "ಸುಸ್ವಾಗತ" ಬೋರ್ಡು!

"ಏನಿದು ಹುಸೇನಣ್ಣ?"

ಅವನೂ ಆಗಷ್ಟೇ ಎಚ್ಚರಾದವನಂತೆ ನೋಡಿದ. "ಯಾ ಅಲ್ಲಾ! ಕೈಗೆ ರೂಢಿ ಆಗೈತಿ ಗಂಗಮ್ಮ. ಗೂಟ ಹೊಡದ ಮ್ಯಾಲ ಕಮಾನು ನಿಲ್ಲಸೂದು... ಕೈ ತಾನೇ ಮಾಡೇತಿ. ಈಗ್ಲೇ ಬಿಚ್ತೀನಿ."

ಬಿಚ್ಚುವುದರೊಳಗೆ ಒಂದು ಮೊಪೆಡ್ ಬಂದು ನಿಂತಿತು. ನಡುವಯಸ್ಸಿನ ಗಂಡ ಹೆಂಡತಿ. ಆಕೆಯ ತೊಡೆಯ ಮೇಲೆ ಉಡುಗೊರೆಯ ಹೊಸ ಕೊಡ. "ತಡ ಆತ್ರಿ ಯಕ್ಕಾ. ಗಂಡಿನ ಕಡಿಯವರು ಬಂದ್ರೇನು? ಊಟ ಸುರು ಆಗೈತಾ?" ಎಂದ ಆತ. ನಾನು ರೊಟ್ಟಿಯ ಬುಟ್ಟಿ ಎತ್ತಿಕೊಳ್ಳುವಷ್ಟರಲ್ಲಿ ಅವ್ವ ಮುಂದೆ ಬಂದಳು.

"ಬರ್ರಿ. ಮದುವಿ ಇಲ್ಲಿ ಅಲ್ಲರಿ. ನಮ್ಮ ಯಜಮಾನ್ರು ತೀರಿಕೊಂಡಾರ, ನಕ್ಷತ್ರ ಕೆಟ್ಟದಂತ ಹೊರಗ ಬಂದೀವಿ. ಈ ಕಮಾನು ನಮ್ಮ ಹುಸೇನನ ಕಾರಬಾರು."

ಆಕೆ ಗಂಡನ ಅಂಗಿ ಜಗ್ಗಿದಳು. "ನಡೀರಿ, ಹೋಗೋಣು."

"ಹೋಗವ್ವಾ, ನಾ ತಡಿಯಂಗಿಲ್ಲ" ಎಂದಳು ಅವ್ವ. "ಆದ್ರ ಸುಸ್ವಾಗತ ಅಂತ ಬರದು ಬಂದವರನ್ನ ಹಸದ ಹೊಟ್ಟಿಲೆ ಕಳಿಸಿದ್ರ ನಮ್ಮ ಯಜಮಾನ್ರು ನನ್ನ ಸುಮ್ನ ಬಿಡ್ತಿರಲಿಲ್ಲ. ರೊಟ್ಟಿ ಐತಿ, ಬದನಿಕಾಯಿ ಪಲ್ಯ ಐತಿ."

ಆತ ಲೈಟುಗಳನ್ನು ನೋಡಿದ, ಅವ್ವನನ್ನು ನೋಡಿದ, ಮೊಪೆಡ್ಡನ್ನು ಸ್ಟ್ಯಾಂಡಿಗೆ ಎಳೆದ. "ನಮ್ಮಪ್ಪ ಸತ್ತಾಗ ನಾವೂ ಮೂರು ತಿಂಗಳು ದನದ ಕೊಟ್ಟಿಗ್ಯಾಗ ಇದ್ವಿ ಯಕ್ಕಾ. ನಿಮ್ಮದು ಪರವಾಗಿಲ್ಲ, ಲೈಟಾದ್ರೂ ಅದಾವ!"

ಹುಸೇನಣ್ಣ ಮೊದಲು ನಕ್ಕ. ಆಮೇಲೆ ಅವ್ವ. ಅಪ್ಪಾ, ಅವ್ವ ನಕ್ಕಳು. ನನಗೆ ನಗು ಬರಲಿಲ್ಲ, ಕೈಯಲ್ಲಿದ್ದ ಬುಟ್ಟಿ ಹಿಡಿದುಕೊಂಡೇ ನಿಂತಿದ್ದೆ. ಆ ಹೆಂಗಸು ಚಾಪೆಯ ತುದಿಯಲ್ಲಿ ಕುಳಿತು ಮೊದಲು ಒಂದು ತುಣುಕು ಮುರಿದಳು, ಆಮೇಲೆ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು. ಅವ್ವ ಅವರಿಗೆ ಬಡಿಸಿ, ತನ್ನ ತಟ್ಟೆಗೂ ಹಾಕಿಕೊಂಡು ಆಕೆಯ ಪಕ್ಕದಲ್ಲೇ ಕುಳಿತು ಉಂಡಳು. ನಿನ್ನ ಮಂಚದ ಕಾಲು ಹಿಡಿದು ಕುಳಿತಿದ್ದವಳು ಇವಳೇನಾ?

ಮುಳ್ಳು ಹಾಕಿದ ಸುದ್ದಿ ಊರಿಗೆ ಮುಟ್ಟಿದ ಮೇಲೆ, ದೋಷ ಮನೆಯೊಳಗೇ ಉಳಿಯಿತೆಂದು ನಂಬಿ, ಗಿರಾಕಿಗಳು ತಿರುಗಿ ಫೋನ್ ಮಾಡುತ್ತಿದ್ದಾರೆ. ಸಾಮಾನೆಲ್ಲ ಈಗ ಹೊಲದಿಂದಲೇ ಹೋಗುತ್ತದೆ. ಆದರೆ ನಿನಗೆ ಹೇಳಬೇಕಾದ ಸುದ್ದಿ ಅದಲ್ಲ. ನಿನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಅವ್ವ ಅಂದಳು: "ಗಂಗೀ, ಈ ಸಲ ಬಂದದ್ದು ಊರು ಹೊರಗ ಹಾಕಿದ್ದಕ್ಕ. ಮುಳ್ಳು ತಗದ ಮ್ಯಾಲ ಒಮ್ಮಿ ನಾವಾಗೇ ಹೋಗೋಣು."

"ಎಲ್ಲಿಗಬೇ?"

"ಹಡಗಲಿ ಕಡೆ, ಹೊಳಿ ದಂಡಿಗೆ. ನೀರಿನ ಸಪ್ಪಳ ಕೇಳ್ತಾ ಮಲಗಬೇಕು. ಇಷ್ಟು ವರ್ಷ ಮಂದಿ ಮದುವಿ ಬ್ಯಾಂಡೇ ಕೇಳೀನಿ."

ಮದುವೆಯಾಗಿ ನಮ್ಮ ಓಣಿಗೆ ಬಂದ ಮೇಲೆ ಅವ್ವ ಒಂದು ಜಾಗಕ್ಕೆ ಹೋಗಬೇಕು ಎಂದು ಬಾಯಿ ಬಿಟ್ಟು ಕೇಳಿದ್ದನ್ನು ನೀನು ಕೇಳಿದ್ದೆಯಾ ಅಪ್ಪಾ? ನಾನಂತೂ ಕೇಳಿರಲಿಲ್ಲ. ಈ ಭಾನುವಾರ ಹೊಳೆಗೆ ಹೋಗಿ, ನೀರು ಏರಿದರೆ ಎಲ್ಲಿಯವರೆಗೆ ಬರುತ್ತದೆ ಎಂದು ದಂಡೆಯ ಊರಿನವರನ್ನು ಕೇಳಿಕೊಂಡು ಬರುತ್ತೇನೆ ಎಂದೆ. ಹಿಟ್ಟಿನ ಕೈ ಜಾಡಿಸಿ ಎದ್ದು ನಿಂತಳು. ತಾನೂ ಬರುತ್ತಾಳಂತೆ, ಜಾಗ ತಾನೇ ಆರಿಸಬೇಕಂತೆ.

ನಿನ್ನ,
ಗಂಗಿ