ಒಂಟಿಗೆಲಸದ ಹಲಗೆ

ಕಪ್ಪತಗುಡ್ಡದ ತಪ್ಪಲು, ದೂಳುತಿಂಗಳ ನಲವತ್ತೊಂದನೆಯ ದಿನ, ೨೨೧೪

ಅಂಗಡಿಯಲ್ಲಿ ನಿಂತು ಅಗ್ಗದ ಟ್ಯಾಬ್ಲೆಟ್‌ಗಳನ್ನು ತಿರುಗಿಸಿ ನೋಡುತ್ತಿರುವ ಅಕ್ಕನಿಗೆ,

ಇನ್ನೂರು ವರ್ಷ ಹಿಂದಿನ ನಿಮ್ಮ ಕಾಲದ ಕನ್ನಡ ನನಗೆ ಓದಲು ಬರುತ್ತದೆ. ಬರೆಯುವಾಗ ಮಾತ್ರ ನಮ್ಮ ಮಾತು ನಡುವೆ ನುಸುಳುತ್ತದೆ, ಹೊಟ್ಟೆಗೆ ಹಾಕಿಕೊಳ್ಳಿ. ತಿಂಗಳಿಗೆ ನಲವತ್ತೊಂದು ದಿನವೇ ಎಂದು ನಗಬೇಡಿ. ದೂಳು ಇಳಿಯುವವರೆಗೂ ನಮಗೆ ಅದೇ ತಿಂಗಳು.

ನೀವು ಟ್ಯಾಬ್ಲೆಟ್ ಎನ್ನುವುದನ್ನು ನಾವು ಹಲಗೆ ಎನ್ನುತ್ತೇವೆ. ಎಲ್ಲವನ್ನೂ ಚುರುಕಾಗಿ ಮಾಡುವ ಹಲಗೆ ಇದೆ. ಅದನ್ನು ಕೊಳ್ಳಬೇಕೆಂದರೆ ನನ್ನ ಗಂಡ ಕಲ್ಮೇಶ ವರ್ಷವಿಡೀ ಉಣ್ಣದೆ ದುಡಿಯಬೇಕು. ಅಗ್ಗದ್ದಕ್ಕೆ ನಾಲ್ಕು ಕೆಲಸ ಕೊಟ್ಟರೆ ನಾಲ್ಕರಲ್ಲೂ ತಡವರಿಸುತ್ತದೆ, ಬಿಸಿಯಾಗಿ ಮಧ್ಯಾಹ್ನಕ್ಕೇ ಆರಿಹೋಗುತ್ತದೆ. ಅದಕ್ಕೇ ನಮ್ಮ ಕಡೆ ಒಂಟಿಗೆಲಸದ ರೂಢಿ. ಕೊಳ್ಳುವಾಗಲೇ ಒಂದು ಕೆಲಸ ಹೇಳಬೇಕು. ಅಂಗಡಿಯವರು ಉಳಿದದ್ದನ್ನೆಲ್ಲ ಅಳಿಸಿ ಅದೊಂದಕ್ಕೇ ಪಳಗಿಸಿ ಕೊಡುತ್ತಾರೆ. ಆಗ ದುಬಾರಿ ಹಲಗೆಗೆ ಸಮನಾಗಿ ಓಡುತ್ತದೆ. ಕೆಲಸ ಬದಲಿಸಿದರೆ ಕಲಿತದ್ದೆಲ್ಲ ಹೋಯಿತು.

ಕಾಲೇಜಿನಲ್ಲಿ ನಾನು ಓದಿದ್ದೇ ಈ ಹಲಗೆಗಳ ಬಗ್ಗೆ. ಆದರೂ ಅಂಗಡಿಯಲ್ಲಿ ಯಾವ ಕೆಲಸ ಹೇಳಬೇಕೆಂದು ತಿಳಿಯಲಿಲ್ಲ. ನನ್ನ ಮಗಳು ಇಂಚರಾಗೆ ಎರಡು ವರ್ಷ, ದೂಳಿಗೆ ಉಬ್ಬಸ. ಕಲ್ಮೇಶ ಕಡಲಗೋಡೆ ಕಟ್ಟಲು ಕಾರವಾರಕ್ಕೆ ಹೋಗಿದ್ದಾನೆ. ದೂಳು ಇಳಿಯದೆ ದಾರಿ ತೆರೆಯುವುದಿಲ್ಲ. ಹಲಗೆ ಮಗುವಿನ ಉಸಿರು ಕಾಯಬೇಕೋ, ಅವನ ದನಿ ತರಬೇಕೋ? ಉಸಿರು ಎಂದೆ. ಈಗ ಅದು ಅವಳ ಉಸಿರನ್ನು ನನಗಿಂತ ಚೆನ್ನಾಗಿ ಬಲ್ಲದು, ಒಂದೆಳೆ ಸೀಟಿ ಕೇಳಿದರೂ ನನ್ನನ್ನು ಎಬ್ಬಿಸುತ್ತದೆ. ಆದರೂ ನಿದ್ದೆ ಬರುವುದಿಲ್ಲ. ಎಬ್ಬಿಸದೇ ಹೋದರೆ ಎಂದು ಹಲಗೆಯನ್ನೇ ಕಾಯುತ್ತ ಕೂರುತ್ತೇನೆ.

ತಪ್ಪಲಿನಲ್ಲಿರುವ ಇನ್ನೊಂದೇ ಮನೆ ಸಾವಂತ್ರೆವ್ವನದು. ಅವರ ಹಲಗೆ ಗುಡ್ಡದ ಮೇಲಿನ ಆಡು ಕಾಯುತ್ತಿತ್ತು. ಮತ್ತೊಬ್ಬರ ಹಲಗೆಯ ಕೆಲಸ ಬದಲಿಸಿರೆಂದು ಕೇಳುವುದು ನಮ್ಮಲ್ಲಿ ನಾಚಿಕೆಗೇಡು. ನಾನು ಕೇಳಿದೆ, ಕಲ್ಮೇಶನ ದನಿಗಾಗಿ. ಅವರು ಮೊರದಲ್ಲಿದ್ದ ಜೋಳದ ಕಲ್ಲು ಆರಿಸಿ ಮುಗಿಸಿದರು.

“ಆಡು ನಾನೇ ಕಾಯ್ತೀನಿ, ತಗೋ. ಆದ್ರ ಅವ ಮಾತಾಡೂ ಮುಂದ ನಾನೂ ಕುಂದ್ರಾಕಿ. ಗಂಡಸಿನ ದನಿ ಈ ಮನ್ಯಾಗ ಕೇಳಿ ಭಾಳ ದಿನಾ ಆತು.”

ನಿನ್ನೆ ಅವರ ಮನೆಯಲ್ಲಿ ಅವನ ದನಿ ಬಂತು. ಸಾವಂತ್ರೆವ್ವ ತಲೆ ಬಾಚಿಕೊಂಡು, ಮದುವೆಗೆ ಹೊರಟವರ ಹಾಗೆ ಸೀರೆ ಉಟ್ಟು ಹಲಗೆಯ ಎದುರಿಗೇ ಕೂತಿದ್ದರು. ಕಲ್ಮೇಶ ಮಗುವಿನ ಕೆಮ್ಮು ಹೇಗಿದೆ ಎಂದು ಕೇಳಿದ, ನೀರು ಬರುತ್ತಿದೆಯೇ ಎಂದು ಕೇಳಿದ, ಆಮೇಲೆ ಇನ್ನು ಇಡಲೇ ಎಂದ.

“ಏನಪಾ, ಹೆಂಡ್ತಿನ್ನ ಉಂಡ್ಯಾ ಅಂತ ಕೇಳಾಕ ಬಾಯಿ ಇಲ್ಲೇನು?” ಎಂದರು ಸಾವಂತ್ರೆವ್ವ.

ಅವನು ನಕ್ಕು ಕೇಳಿದ. ಉಂಡೆ ಎಂದೆ.

ಹೇಳಬೇಕಿದ್ದುದು ಬೇರೆ. ಮಗುವಿನ ಎದೆ ಮುಟ್ಟಲೂ ನನಗೆ ಭಯವಾಗುತ್ತದೆ, ಒಬ್ಬಳೇ ಇದ್ದು ಇದ್ದು ನನ್ನ ದನಿಗೇ ನಾನು ಬೆಚ್ಚುತ್ತೇನೆ, ದಾರಿ ತೆರೆದ ಕೂಡಲೇ ಕೆಲಸ ಬಿಟ್ಟಾದರೂ ಬಾ ಎನ್ನಬೇಕಿತ್ತು. ಸಾವಂತ್ರೆವ್ವನನ್ನು ಎದ್ದು ಹೋಗಿ ಎನ್ನಲೇ? ನನಗಾಗಿ ಅವರು ಈ ವಯಸ್ಸಿನಲ್ಲಿ ಆಡಿನ ಹಿಂದೆ ಗುಡ್ಡ ಹತ್ತುತ್ತಿದ್ದಾರೆ. ಅದಕ್ಕೇ ಇದನ್ನೆಲ್ಲ ನಿಮಗೆ ಬರೆದೆ, ಉತ್ತರ ಬಾರದೆಂದು ಗೊತ್ತಿದ್ದೂ.

ಅಕ್ಕಾ, ಅಗ್ಗದ್ದನ್ನೇ ಕೊಳ್ಳಿ. ನಿಮ್ಮ ಕಾಲದ್ದು ನಿಧಾನವಾದರೂ ಅದಕ್ಕೆ ಇನ್ನೂ ಹಲವು ಕೆಲಸ ಬರುತ್ತವೆ. ಅದನ್ನು ಒಳಕೋಣೆಗೆ ತೆಗೆದುಕೊಂಡು ಹೋಗಿ, ಬಾಗಿಲು ಹಾಕಿಕೊಳ್ಳಿ, ಹೇಳಬೇಕಾದವರಿಗೆ ಹೇಳಿಬಿಡಿ.

ನೀಲಗಂಗಾ