ಮೂಡಣ ದಂಡೆಯ ಬಿಸಿನೀರು

ಮುಂಬಯಿ
೨೪ ಮೇ ೧೯೯೪, ಸಂಜೆ

ತುರ್ವಿಹಾಳದ ಮೆಹಬೂಬ್‌ಬೀ ಚಾಚಿಗೆ ಲಿಂಗಸುಗೂರಿನ ಕಸ್ತೂರಿಯ ಸಲಾಮು.

ಈ ಕಾಗದವನ್ನು ಶಾಕೀರಾ ಓದಿ ಹೇಳುತ್ತಾಳೆ ಎಂದು ಗೊತ್ತು. ನಿಮ್ಮ ಮಗಳ ಓದು ಬಲು ಚುರುಕು, ಆದರೆ ಇವತ್ತು ಅವಸರ ಮಾಡಬೇಡವೆಂದು ಹೇಳಿ. ಅವಸರವೆಲ್ಲ ನನ್ನ ಕಡೆಯೇ ಇದೆ. ಒಂದು ಗಂಟೆಯ ಹಿಂದೆ ಕಚೇರಿಗೆ ಒಂದು ಫೋನು ಬಂತು ಚಾಚಿ. ಅದನ್ನು ಇಟ್ಟವಳೇ ರೂಮಿಗೆ ಓಡಿಬಂದು, ಚಪ್ಪಲಿಯನ್ನೂ ಬಿಡದೆ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಶಾಕೀರಾ ನಗುತ್ತಾಳೆ, ನಗಲಿ. ತಂತಿ ಕೊಡೋಣವೆಂದುಕೊಂಡೆ. ಇಷ್ಟು ದೊಡ್ಡ ಸುದ್ದಿ ತಂತಿಯಲ್ಲಿ ಹಿಡಿಯುವುದಿಲ್ಲ.

ಹೋದ ವರ್ಷದ ಮೇ ತಿಂಗಳಲ್ಲಿ ನಿಮ್ಮ ಹರಿಗೋಲಿನಲ್ಲಿ ಕೂತು ದಿನವೂ ನೀರಿನ ಬಿಸಿ ಅಳೆಯುತ್ತಿದ್ದೆನಲ್ಲ, ಯಾಕೆಂದು ನೀವು ಒಮ್ಮೆಯೂ ಬಿಡಿಸಿ ಕೇಳಲಿಲ್ಲ. 'ಸರಕಾರಿ ಕೆಲಸ' ಎಂದೆ, ತಲೆಯಾಡಿಸಿದಿರಿ. ಪೂರ್ತಿ ಹೇಳಲು ನನಗೆ ನಾಚಿಕೆಯಿತ್ತು. ಇವತ್ತು ಹೇಳುತ್ತೇನೆ.

ದೂರದ ಒಂದು ಜಲಾಶಯದ ದಂಡೆಯಲ್ಲಿ ಅಣುವಿದ್ಯುತ್ತಿನ ಸ್ಥಾವರವಿದೆ. ಅದನ್ನು ದೊಡ್ಡದೊಂದು ಒಲೆ ಎಂದುಕೊಳ್ಳಿ. ನಮ್ಮ ಒಲೆಯಾದರೆ ನೀರು ಚಿಮುಕಿಸಿದರೆ ಆರುತ್ತದೆ. ಅದು ಹಾಗಲ್ಲ, ಆರಿಸಿದ ಮೇಲೂ ದಿನಗಟ್ಟಲೆ ಒಳಗೆ ಕಾವು ಹುಟ್ಟುತ್ತಲೇ ಇರುತ್ತದೆ. ಆ ಕಾವನ್ನು ಹೊರಗೆ ಒಯ್ಯಲು ಜಲಾಶಯದ ನೀರನ್ನು ಎಳೆದುಕೊಳ್ಳುತ್ತಲೇ ಇರಬೇಕು. ಒಳಗೆ ಹೋಗುವ ನೀರೇ ಬಿಸಿಯಾಗಿದ್ದರೆ ಏನು ತಣಿಸೀತು? ಅದಕ್ಕೇ ಒಂದು ಮಿತಿ ಇಟ್ಟಿದ್ದರು: ನೀರು ಮೂವತ್ತೆರಡು ಡಿಗ್ರಿ ಮುಟ್ಟಿದರೆ ಕರೆಂಟಿನ ಉತ್ಪಾದನೆ ತಗ್ಗಿಸಬೇಕು. ಬೇಸಿಗೆಯಲ್ಲಿ ಅದರ ಹತ್ತಿರ ಹತ್ತಿರ ಬರುತ್ತಿತ್ತು. ಮಿತಿಯನ್ನು ಮೂವತ್ತನಾಲ್ಕಕ್ಕೆ ಏರಿಸಿಕೊಡಿ ಎಂದು ಸ್ಥಾವರದವರು ಅರ್ಜಿ ಹಾಕಿದರು. ಏರಿಸಬಹುದೋ ಬಾರದೋ ಎಂದು ನೋಡುವ ಪರಿಶೀಲನಾ ಸಮಿತಿಯಲ್ಲಿ ನಾನೂ ಒಬ್ಬಳು. ಎಲ್ಲರಿಗಿಂತ ಕಿರಿಯಳು.

ಐದು ವರ್ಷದ ಲೆಕ್ಕ ತಂದು ಮೇಜಿನ ಮೇಲಿಟ್ಟಿದ್ದರು. ದಿನವೂ ಬೆಳಗ್ಗೆ ಎಂಟಕ್ಕೆ, ಒಂದೇ ಜಾಗದಲ್ಲಿ ಅಳೆದದ್ದು. ಒಂದು ದಿನವೂ ತಪ್ಪಿಸಿಲ್ಲ, ಅಕ್ಷರ ಮುತ್ತಿನ ಹಾಗೆ. ಪಂಪು, ಕೊಳವೆಗಳೆಲ್ಲ ಮೂವತ್ತೈದು ಡಿಗ್ರಿಯ ತನಕ ತಡೆಯುತ್ತವೆಂಬ ಲೆಕ್ಕವೂ ಸರಿಯಾಗಿತ್ತು. ಮೂವತ್ತನಾಲ್ಕೆಂದರೆ ಇನ್ನೂ ಒಂದು ಡಿಗ್ರಿ ಕೈಯಲ್ಲಿರುತ್ತದಲ್ಲ ಎಂದರು. ಹೌದೆನ್ನಿಸಿತು. ಏಪ್ರಿಲ್ ಕೊನೆಯಲ್ಲಿ ಒಪ್ಪಿಗೆಯ ಕರಡಿಗೆ ಎಲ್ಲರೂ ಸಹಿ ಹಾಕಿದರು. ನಾನೂ ಹಾಕಿದೆ ಚಾಚಿ. ಇದೇ ನಾನು ನಿಮಗೆ ಹೇಳದೆ ಮುಚ್ಚಿಟ್ಟ ಮಾತು. ನಿಮ್ಮ ಹರಿಗೋಲು ಹತ್ತುವ ಮೊದಲೇ ನಾನು ಸಹಿ ಹಾಕಿ ಬಂದಿದ್ದೆ.

ಆಮೇಲೆ ಶಿವಬಸಮ್ಮಕ್ಕ ಕಾಲು ಮುರಿದುಕೊಂಡಳೆಂದು ಕಾಗದ ಬಂತು. ಮೂರು ವಾರ ರಜೆ ಹಾಕಿ, ಲಿಂಗಸುಗೂರಿನಲ್ಲಿ ಅವ್ವನ ಮುಖ ನೋಡಿಕೊಂಡು, ಮಸ್ಕಿ ಮೇಲೆ ಸಿಂಧನೂರಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಿಮ್ಮೂರಿಗೆ, ಅಕ್ಕನ ಗಂಡನ ಮನೆಗೆ ಬಂದೆ. ಕಾಲುವೆ ಬಂದ್ ಆಗಿತ್ತು. ಇದ್ದ ನೀರೆಲ್ಲ ನಿಮ್ಮ ಕೆರೆಯದೇ. ಒಂದು ಸಂಜೆ ಬಟ್ಟೆಯ ಗಂಟು ಹೊತ್ತು ಬಂದವಳು ಮೂಡಣ ದಂಡೆಯಲ್ಲಿ ನೀರಿಗೆ ಕೈಯಿಟ್ಟು ಹಾಗೇ ನಿಂತುಬಿಟ್ಟೆ. ಎಣ್ಣೆಸ್ನಾನಕ್ಕೆ ಕಾಯಿಸಿಟ್ಟ ನೀರಿನ ಹಾಗಿತ್ತು! ಅದೇ ಬೆಳಗ್ಗೆ ಅದೇ ಕಲ್ಲಿನ ಮೇಲೆ ಮುಖ ತೊಳೆದಾಗ ತಂಪಾಗಿತ್ತು. ಆಗ ನೀವು ಹರಿಗೋಲನ್ನು ದಂಡೆಯಿಂದ ಆಚೆ ತಳ್ಳುತ್ತ ನನ್ನನ್ನು ನೋಡಿ, "ಏನವ್ವಾ, ಬಟ್ಟಿ ಒಗ್ಯಾಕ ಬಂದೀಯೋ, ನೀರು ಕಾಸಾಕ ಬಂದೀಯೋ?" ಎಂದಿರಿ.

ನಿಮ್ಮ ಮೊದಲ ಮಾತು ಅದು. ಮುಂಜಾನೆ ಇಷ್ಟು ಬಿಸಿಯಿರಲಿಲ್ಲವಲ್ಲ ಎಂದೆ. ನೀವು ನಕ್ಕಿರಿ. "ಮುಂಜಾನಿ ನೀರು ನೋಡಿದ್ರ ಏನ್ ಗೊತ್ತಾಕ್ಕೈತಿ? ರಾತ್ರಿಯೆಲ್ಲಾ ಮಲಗಿ ಎದ್ದ ನೀರದು. ಹೊತ್ತು ಇಳಿಯಾಗ ಪಡುಗಾಳಿ ಬಿಡತೈತಿ ನೋಡು, ಮ್ಯಾಲಿನ ಬಿಸಿನೀರ್ನೆಲ್ಲಾ ಈ ಮೂಡಲ ದಂಡಿಗೆ ದೂಡ್ಕೊಂಡು ಬರತೈತಿ. ಆಕಡಿ ಪಡುವಲ ದಂಡ್ಯಾಗ ತಳದಾನ ತಣ್ಣೀರು ಮ್ಯಾಲೆ ಏಳತೈತಿ. ಮೀನ ಎಲ್ಲಾ ಅಲ್ಲಿಗೇ ಹೋಗ್ಯಾವ. ನಾನೂ ಅಲ್ಲಿಗೇ ಹೊಂಟೀನಿ" ಎಂದಿರಿ.

ಬಟ್ಟೆಯ ಗಂಟು ಕೈಯಿಂದ ಜಾರಿತು. ಗಾಳಿ ಬಿಸಿನೀರನ್ನು ಒಂದು ದಂಡೆಗೆ ದೂಡುತ್ತದೆ! ಆ ಸ್ಥಾವರದವರು ಬೆಳಗ್ಗೆ ಎಂಟಕ್ಕೆ ಎಲ್ಲಿ ನಿಂತು ಅಳೆದರು? ನೀರೆಳೆಯುವ ಬಾಯಿ ಯಾವ ದಂಡೆಯಲ್ಲಿದೆ? ನಾನು ಕೇಳಿಯೇ ಇರಲಿಲ್ಲ. ಸಮಿತಿಯ ಹದಿನಾಲ್ಕು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ.

ಮರುದಿನವೇ ಲಿಂಗಸುಗೂರಿಗೆ ಹೋಗಿ, ನಾನು ಓದಿದ ಕಾಲೇಜಿನ ಪ್ರಯೋಗಶಾಲೆಯ ಸೂಗಪ್ಪನವರನ್ನು ಕಾಡಿ ಒಂದು ಥರ್ಮಾಮೀಟರು ತಂದೆ. ತಳದ ನೀರು ತೆಗೆಯಲು ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿದೆವು. ನೀವು ಹಗ್ಗವನ್ನು ಮೊಳ ಹಾಕುತ್ತ ಇಳಿಸುತ್ತಿದ್ದಿರಿ, ನಾನು ದಾರ ಜಗ್ಗುತ್ತಿದ್ದೆ. ಬೆಳಗ್ಗೆ ಎಂಟಕ್ಕೆ ಎರಡೂ ದಂಡೆಯಲ್ಲಿ ಮೂವತ್ತೊಂದರ ಆಸುಪಾಸು. ಸಂಜೆ ಐದಕ್ಕೆ ಪಡುವಣದಲ್ಲಿ ಮೂವತ್ತು, ಮೂಡಣದಲ್ಲಿ ಮೂವತ್ತನಾಲ್ಕು ದಾಟಿತ್ತು! ಮೊದಲ ದಿನ ಅದನ್ನು ಓದಿ ನಾನು ಹರಿಗೋಲಿನಲ್ಲೇ ಎದ್ದು ನಿಂತೆ. "ಕುಂದ್ರ ಬೇ! ಇಬ್ಬರ್ನೂ ಮುಳುಗಿಸ್ತೀ ಏನ್?" ಎಂದು ನೀವು ಸೀರೆ ಹಿಡಿದು ಜಗ್ಗಿ ಕೂರಿಸಿದಿರಿ.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ. ಅಕ್ಕನ ಅತ್ತೆಗೆ ನಾನು ನಿಮ್ಮ ಜೊತೆ ತಿರುಗುವುದು ಹಿಡಿಸುತ್ತಿರಲಿಲ್ಲ. "ಮೀನದ ವಾಸನಿ ತೊಗೊಂಡು ನನ್ನ ಅಡಗಿಮನಿಯಾಗ ಕಾಲಿಡಬ್ಯಾಡ" ಎಂದಿದ್ದರು. ದಿನವೂ ಹಿತ್ತಲಲ್ಲಿ ಸ್ನಾನ ಮಾಡಿ ಒಳಗೆ ಹೋಗುತ್ತಿದ್ದೆ. ನಿಮ್ಮ ಮನೆಯಲ್ಲಿ ಶಾಕೀರಾ ಚಹಾ ತಂದಾಗಲೆಲ್ಲ ಏನಾದರೂ ನೆಪ ಹೇಳಿ ಏಳುತ್ತಿದ್ದೆ. ನಿಮಗೆ ಎಲ್ಲ ತಿಳಿಯುತ್ತಿತ್ತು. ಒಂದು ದಿನವೂ ಬೇಜಾರು ತೋರಿಸಲಿಲ್ಲ. ಒಂಬತ್ತನೆಯ ದಿನ ಥರ್ಮಾಮೀಟರು ನನ್ನ ಕೈಜಾರಿ, ಹರಿಗೋಲಿನ ಅಂಚಿಗೆ ಬಡಿದು ಒಡೆದು ನೀರಿಗೆ ಬಿತ್ತು. ನಾನು ಮಗುವಿನ ಹಾಗೆ ಅತ್ತೆ. ನಿಮ್ಮ ಮನೆಯವರು, ಲಾಲ್‌ಸಾಬ್ ಚಾಚಾ, ಬಲೆ ಹೆಣೆಯುವುದನ್ನು ಅಲ್ಲಿಗೇ ಬಿಟ್ಟು, "ಅಳಬ್ಯಾಡವ್ವಾ, ಸೂಗಪ್ಪನ ಹೆಸರು ಹೇಳಿದ್ರ ಸಾಕಲ್ಲ?" ಎಂದು ಲಿಂಗಸುಗೂರಿಗೆ ಹೋಗಲು ಸಿಂಧನೂರಿನ ಬಸ್ಸು ಹತ್ತಿಬಿಟ್ಟರು. ಮರುದಿನ ಮಧ್ಯಾಹ್ನ ರುಮಾಲಿನೊಳಗೆ ಸುತ್ತಿದ ಹೊಸದೊಂದನ್ನು ಮೊಲದ ಮರಿಯ ಹಾಗೆ ಎದೆಗವುಚಿಕೊಂಡು ಬಂದರು. ಆ ದಿನ ನಿಮ್ಮ ಮನೆಯಲ್ಲಿ ಚಹಾ ಕುಡಿದೆ. ಎರಡು ಕಪ್ಪು ಕುಡಿದೆ. ಮನೆಗೆ ಬಂದು ಅಕ್ಕನ ಅತ್ತೆಯ ಎದುರಿಗೇ ಹೇಳಿದೆ. ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ಕರೆದು, "ಎಷ್ಟಾತು ಇವತ್ತು ಬಿಸಿ?" ಎಂದು ಕೇಳಿದರು!

ಜುಲೈ ತಿಂಗಳಲ್ಲಿ ಸಮಿತಿ ಮತ್ತೆ ಕೂತಿತು. ಒಪ್ಪಿಗೆಗೆ ಕೊನೆಯ ಮುದ್ರೆ ಒತ್ತುವುದಷ್ಟೇ ಬಾಕಿ. ನಾನು ಎದ್ದು ನಿಂತು, ನನ್ನ ಸಹಿ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಹದಿಮೂರು ತಲೆಗಳು ನನ್ನ ಕಡೆ ತಿರುಗಿದವು. ನಮ್ಮ ಹನ್ನೆರಡು ದಿನದ ಲೆಕ್ಕ ತೋರಿಸಿದೆ. ಸ್ಥಾವರದ ಹಿರಿಯ ಎಂಜಿನಿಯರು ಕನ್ನಡಕ ಮೇಲೇರಿಸಿ, "ಬಟ್ಟೆ ಒಗೆಯುವ ಕೆರೆಯ ನೀರನ್ನು ತಂದು ನಮ್ಮ ಜಲಾಶಯಕ್ಕೆ ಸುರಿಯುತ್ತೀರಾ?" ಎಂದರು. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಇದನ್ನು ತೋರಿಸಿದವರು ಯಾರು ಎಂದು ಇನ್ನೊಬ್ಬರು ಕೇಳಿದರು. ಮೆಹಬೂಬ್‌ಬೀ, ಮೀನು ಹಿಡಿಯುವವರು, ಮೂವತ್ತು ವರ್ಷದಿಂದ ಆ ನೀರಿನ ಮೇಲಿದ್ದಾರೆ ಎಂದೆ. ಮತ್ತೆ ನಗು.

ಅಧ್ಯಕ್ಷರು ಮಾತ್ರ ನಗಲಿಲ್ಲ. ಮಾತು ಕಡಿಮೆಯ ಮುದುಕರು ಅವರು. ನನ್ನ ಹಾಳೆಯನ್ನು ಎರಡು ಸಲ ಓದಿ, ಎಂಜಿನಿಯರ ಕಡೆ ತಿರುಗಿ, "ನಿಮ್ಮಲ್ಲಿ ಬೇಸಿಗೆಯ ಸಂಜೆ ಗಾಳಿ ಯಾವ ಕಡೆಯಿಂದ?" ಎಂದು ಕೇಳಿದರು. ಪಶ್ಚಿಮದಿಂದ ಎಂದರು ಅವರು. "ನೀರೆಳೆಯುವ ಬಾಯಿ?"

ಎಂಜಿನಿಯರು ನಕ್ಷೆ ಬಿಡಿಸಿದರು. ಮೇಜಿನ ಉದ್ದಕ್ಕೂ ಹಾಸಿ, ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು. ಮೂಡಣ ದಂಡೆ! ದಿನವೂ ಅಳೆಯುತ್ತಿದ್ದ ಜಾಗ ಆಚೆಯ ದಂಡೆಯಲ್ಲಿತ್ತು, ಪಡುವಣದಲ್ಲಿ. ಎಂಜಿನಿಯರ ಮುಖದ ಬಣ್ಣವೇ ಇಳಿಯಿತು. ಆದರೆ ಅವರು ದೊಡ್ಡ ಮನುಷ್ಯರು ಚಾಚಿ. ವಾದಕ್ಕೆ ನಿಲ್ಲಲಿಲ್ಲ. "ಬರುವ ಬೇಸಿಗೆಯಲ್ಲಿ ನಾವೇ ಅಳೆಯುತ್ತೇವೆ. ಅಲ್ಲಿಯ ತನಕ ಏನನ್ನೂ ಏರಿಸಬೇಡಿ" ಎಂದು ತಾವೇ ಹೇಳಿ ಕೂತರು.

ಈ ಏಪ್ರಿಲ್‌ನಲ್ಲಿ ಅಳೆದರು. ಬೆಳಗಿನ ಲೆಕ್ಕಕ್ಕೂ ಸಂಜೆ ಆ ಬಾಯೊಳಗೆ ಹೋಗುವ ನೀರಿಗೂ ಹೆಚ್ಚುಕಡಿಮೆ ಮೂರು ಡಿಗ್ರಿ ಅಂತರ! ಹಳೆಯ ಜಾಗದಲ್ಲಿ ಬೆಳಗ್ಗೆ ಅಳೆಯುತ್ತಲೇ ಮಿತಿಯನ್ನು ಮೂವತ್ತನಾಲ್ಕಕ್ಕೆ ಏರಿಸಿದ್ದರೆ, ಸಂಜೆಯ ನೀರು ಮೂವತ್ತೇಳರ ಹತ್ತಿರ ಹೋದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯಂತ್ರಗಳ ಲೆಕ್ಕ ನಿಂತಿದ್ದು ಮೂವತ್ತೈದಕ್ಕೆ. ಅದಕ್ಕೆ ನಾನು ಸಹಿ ಹಾಕಿದ್ದೆ.

ಹೊಸ ನಿಯಮ ಹೀಗಾಯಿತು: ಮಿತಿ ಮೂವತ್ತನಾಲ್ಕೇ ಇರಲಿ, ಆದರೆ ಅಳೆಯುವುದು ನೀರು ಒಳಗೆ ಹೋಗುವ ಬಾಯಲ್ಲೇ, ಮತ್ತು ಗಂಟೆಗೊಮ್ಮೆ, ಹಗಲೂ ರಾತ್ರಿಯೂ. ಮುಟ್ಟಿದ ಕೂಡಲೇ ಉತ್ಪಾದನೆ ತಗ್ಗಬೇಕು. ಅವರು ಕೇಳಿದ ಅಂಕಿ ಅವರಿಗೆ ಸಿಕ್ಕಿತು, ನಮಗೆ ನಿಜವಾದ ನೀರು ಸಿಕ್ಕಿತು. ವರದಿಯ ನಲವತ್ತೊಂದನೆಯ ಪುಟದಲ್ಲಿ ನಿಮ್ಮ ಹೆಸರಿದೆ. ಬರೆಯುವುದು ಬೇಡ, 'ಸ್ಥಳೀಯರ ಹೇಳಿಕೆ' ಎಂದರೆ ಸಾಕು ಎಂದು ಒಬ್ಬರು ಹಟ ಹಿಡಿದರು. ನಾನೂ ಹಟ ಹಿಡಿದೆ. ಕಡೆಗೆ ಅಧ್ಯಕ್ಷರೇ ಪೆನ್ನು ತೆಗೆದು, ಟೈಪಾದ ಸಾಲಿನ ಮೇಲೆ ತಮ್ಮ ಕೈಯಿಂದ ಬರೆದರು: ಮೆಹಬೂಬ್‌ಬೀ, ಮೀನುಗಾರರು, ತುರ್ವಿಹಾಳ. ಆ ಪುಟದ ಪ್ರತಿ ಇದರೊಳಗಿದೆ. ಇಂಗ್ಲಿಷಿನಲ್ಲಿದೆ, ಶಾಕೀರಾ ಅಕ್ಷರ ಕೂಡಿಸಿ ಓದಲಿ. ಚಾಚಾ ಅದನ್ನು ಮಡಿಸಿಕೊಂಡು ಸಿಂಧನೂರಿನ ಮೀನಿನ ಸಂತೆಗೆಲ್ಲ ತೋರಿಸುತ್ತಾರೆಂದು ನನಗೆ ಗೊತ್ತು. ತೋರಿಸಲಿ! ಹರಿದರೆ ಇನ್ನೊಂದು ಕಳಿಸುತ್ತೇನೆ.

ನಿಯಮ ಜಾರಿಗೆ ಬಂದು ಇವತ್ತಿಗೆ ನಾಲ್ಕು ದಿನ. ಈಗ ಫೋನಿನ ಸುದ್ದಿ. ಸಂಜೆ ಐದೂಮುಕ್ಕಾಲಿಗೆ ಫೋನು ಗಣಗಣಿಸಿತು. ಆ ಕಡೆ ಅದೇ ಎಂಜಿನಿಯರು, ಅಂದು ಎಲ್ಲರನ್ನೂ ನಗಿಸಿದವರು. ಉಸಿರು ಬಿಡದೆ ಹೇಳಿದರು: "ಐದು ಗಂಟೆಗೆ ಮೂವತ್ತನಾಲ್ಕು ಮುಟ್ಟಿತು. ತಗ್ಗಿಸಿದ್ದೇವೆ. ಎಲ್ಲ ಸರಿಯಾಗಿದೆ." ಬೆಳಗ್ಗೆ ಅದೇ ನೀರು ಮೂವತ್ತೊಂದೂವರೆ ಇತ್ತಂತೆ. ಹಳೆಯ ಪದ್ಧತಿಯಾಗಿದ್ದರೆ ಇವತ್ತೂ 'ಸುಖವಾಗಿದೆ' ಎಂದು ಬರೆದು ಪುಸ್ತಕ ಮುಚ್ಚುತ್ತಿದ್ದರು. ನಾನು ರಿಸೀವರು ಹಿಡಿದುಕೊಂಡೇ ಜೋರಾಗಿ ನಕ್ಕೆ, ಕಣ್ಣಲ್ಲಿ ನೀರು ಬಂತು, ಪಕ್ಕದ ಮೇಜಿನವರು ಹೆದರಿ ಎದ್ದರು.

ಅವರು ಫೋನು ಇಡಲಿಲ್ಲ. ದನಿ ತಗ್ಗಿಸಿ ಕೇಳಿದರು: "ಗಾಳಿ ನಿಂತ ಮೇಲೆ ಈ ಬಿಸಿನೀರು ವಾಪಸು ಹರಡಲು ಎಷ್ಟು ಹೊತ್ತು ಬೇಕು? ನಮ್ಮ ಪುಸ್ತಕಗಳಲ್ಲಿ ಒಂದೊಂದರಲ್ಲಿ ಒಂದೊಂದಿದೆ. ನಿಮ್ಮ ಮೆಹಬೂಬ್‌ಬೀಯವರನ್ನು ಕೇಳಿ ಹೇಳುತ್ತೀರಾ? ನಾವೂ ಅಳೆಯುತ್ತೇವೆ, ಆದರೆ ಏನನ್ನು ನೋಡಬೇಕೆಂದು ಅವರಿಂದ ಮೊದಲು ತಿಳಿಯಬೇಕು."

ಹೇಳಿ ಚಾಚಿ. ಗಾಳಿ ಬಿದ್ದ ಮೇಲೆ ಮೀನು ಮೂಡಣ ದಂಡೆಗೆ ಯಾವಾಗ ಮರಳುತ್ತವೆ? ಹೊತ್ತು ಮುಳುಗಿದ ಕೂಡಲೇಯೋ, ಕೋಳಿ ಕೂಗುವ ಹೊತ್ತಿಗೋ? ನೀವು ಹೇಳಿದ್ದನ್ನು ಶಾಕೀರಾ ನಿಮ್ಮ ಮಾತಿನಲ್ಲೇ ಬರೆಯಲಿ, ಒಂದಕ್ಷರವನ್ನೂ ತಿದ್ದದಿರಲಿ. ದೊಡ್ಡ ದೊಡ್ಡವರೆಲ್ಲ ನಿಮ್ಮ ಉತ್ತರಕ್ಕೆ ಕಾದಿದ್ದಾರೆ.

ಅಲ್ಲಾಹನು ನಿಮ್ಮ ಬಲೆಗೆ ಬರಕತ್ತನ್ನೂ, ಚಾಚಾನ ಕಾಲಿಗೆ ಬಲವನ್ನೂ, ಶಾಕೀರಾಳಿಗೆ ದೊಡ್ಡ ಓದನ್ನೂ ಕೊಡಲಿ. ನೀವಿಬ್ಬರೂ ನೂರು ಬೇಸಿಗೆ ಕಾಣಿರಿ.

ನಿಮ್ಮ ಹರಿಗೋಲಿನಲ್ಲಿ ಕೂತು ಕಲಿತವಳು,
ಕಸ್ತೂರಿ